ಸಮುದ್ರ ಸೋಸಿದ ಮಾವ

ಪಿರಿಯಾಪಟ್ಟಣ ತಾಲ್ಲೂಕಿಗೆ ಸಮುದ್ರವನ್ನು ತಂದವರು ನಮ್ಮ ಮಾವ. ಹೀಗೆಂದರೆ ಯಾರೂ ನಂಬುವುದಿಲ್ಲ. ಓದಿದವರಾದರೆ ಭೂಪಟ ಬಿಚ್ಚಿ, ಪಿರಿಯಾಪಟ್ಟಣಕ್ಕೂ ಸಮುದ್ರಕ್ಕೂ ನಡುವೆ ಇಡೀ ಕೊಡಗು ಅಡ್ಡ ಮಲಗಿದೆಯಲ್ಲ, ಅದನ್ನು ಹತ್ತಿ ಇಳಿದು ಸಮುದ್ರ ಬಂದದ್ದು ಹೇಗೆ ಎಂದು ಕೇಳುತ್ತಾರೆ. ಬಂತು ಸ್ವಾಮಿ! ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬಂತು. ಮಾವನ ಹಿತ್ತಲಲ್ಲಿ, ಹುಣಸೆಮರದ ಬುಡದಲ್ಲಿ ನಾಲ್ಕು ತಿಂಗಳು ಬಿಡಾರ ಹೂಡಿತ್ತು. ಅದರ ದಡದಲ್ಲಿ ನಿಂತು, ಬೆರಳದ್ದಿ ರುಚಿ ನೋಡಿದವರಲ್ಲಿ ನಾನೂ ಒಬ್ಬ. ಭೂಗೋಳದ ಪುಸ್ತಕ ಬರೆಯುವವರು ವಿಚಾರಿಸಿದ್ದರೆ ಸಾಕ್ಷಿ ಹೇಳಲು ಸಿದ್ಧನಿದ್ದೆ. ಯಾರೂ ವಿಚಾರಿಸಲಿಲ್ಲ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಬದುಕಿನುದ್ದಕ್ಕೂ ಹೊಗೆಸೊಪ್ಪು ಬೆಳೆದವರು. ಬೆಳೆಯುವುದಕ್ಕಿಂತ ಹೆಚ್ಚಾಗಿ ಅದನ್ನು ದರ್ಜೆ ಮಾಡುವುದರಲ್ಲಿ ಹೆಸರಾದವರು. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪನ್ನು ಕಾವು ಕೊಟ್ಟು ಒಣಗಿಸುವ ಆ ಎತ್ತರದ ಕೋಣೆಯಲ್ಲಿ, ಹದವಾದ ಎಲೆಯನ್ನು ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ತೀಡಿ, ಮೂಗಿನ ತನಕ ತಂದು, 'ಬ್ರೈಟ್' ಎಂದರೆ ಬ್ರೈಟ್, 'ಲೋ ಗ್ರೇಡ್' ಎಂದರೆ ಲೋ ಗ್ರೇಡ್. ಹರಾಜುಕಟ್ಟೆಯಲ್ಲಿ ಕೊಳ್ಳುವವರು ಏನಾದರೂ ಹೇಳಲಿ, ಮಾವನ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ಹೀಗಿರುವಾಗ ಮಗ ಸೊಸೆ ಬ್ಯಾರನ್ನಿನ ಕೆಲಸವನ್ನು ತಾವೇ ವಹಿಸಿಕೊಂಡು, "ನೀವು ಆರಾಮಾಗಿ ಕೂತ್ಕಳಿ" ಎಂದುಬಿಟ್ಟರು. ನೋಡಿ, ಎಂಥ ಅನಾಹುತದ ಮಾತು! ದರ್ಜೆ ಮಾಡಿಯೇ ಅಭ್ಯಾಸವಾದ ಎರಡು ಬೆರಳು, ಒಂದು ಮೂಗು, ಇವುಗಳಿಗೆ ಆರಾಮ ಎಂದರೇನು ಗೊತ್ತು? ಅವು ತಾವಾಗಿಯೇ ಬೇರೆ ಕೆಲಸ ಹುಡುಕಿಕೊಂಡವು. ನೀರನ್ನು ದರ್ಜೆ ಮಾಡತೊಡಗಿದವು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತಾರೆ. ಕೈಕಾಲಿಗೆ ಒಂದು ಚೊಂಬು, ಗಂಟಲಿಗೆ ಒಂದು ಲೋಟ. ಕುಡಿದರೆ ನಂಟು ಸರಿಯಾಗಿದೆ ಎಂದು ಅರ್ಥ. ಕುಡಿಯದಿದ್ದರೆ ಏನೋ ಮನಸ್ತಾಪವಿದೆ ಎಂದು ಊರೆಲ್ಲ ಮಾತಾಡಿಕೊಳ್ಳುತ್ತದೆ. ಮಾವ ಎರಡನ್ನೂ ಮಾಡಲಿಲ್ಲ. ಹುಣಸೂರಿನ ನಮ್ಮ ಬೀಗರ ಮನೆಯಲ್ಲಿ ಕೊಟ್ಟ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು ಕೂತರು. ಬೀಗಿತ್ತಿಗೆ ಗಾಬರಿ.

"ಯಾಕಣ್ಣಾ, ಕಸ ಏನಾರ ಬಿದ್ದದಾ?"

"ಕಸ ಇಲ್ಲ ಕಣವ್ವ. ತಳದೆಲೆ."

"ಎಲೆ ಬಿದ್ದದಾ!"

"ಬಿದ್ದಿಲ್ಲ. ಗಿಡದ ತಳದಾಗಿನ ಎಲೆ ಇದ್ದಂಗದೆ ನಿಮ್ ನೀರು. ಬಣ್ಣ ಅದೆ, ಮೈ ಇಲ್ಲ. ಲೋ ಗ್ರೇಡು."

ಆ ಬೀಗಿತ್ತಿ ಇವತ್ತಿಗೂ ನಮಗೆ ನೀರು ಕೊಡುವಾಗ ಮುಖ ಆಚೆ ತಿರುಗಿಸಿಕೊಂಡೇ ಕೊಡುತ್ತಾರೆ.

ಇದು ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುವ ಅಗತ್ಯವೇ ಇರಲಿಲ್ಲ. ಆದರೆ ಹೆಂಗಸರಿಗೆ ಬಸ್ಸು ಫ್ರೀ ಆಯಿತು! ಅತ್ತೆಯ ಸಂಘದ ಹೆಂಗಸರು ಹದಿನಾಲ್ಕು ಜನ, ಬುತ್ತಿ ಕಟ್ಟಿಕೊಂಡು ಮಂಗಳೂರಿಗೆ ಹೋಗಿ ಸಮುದ್ರ ನೋಡಿಕೊಂಡು ಬಂದರು. ಬಂದವರು ವಾರಗಟ್ಟಲೆ ಅದನ್ನೇ ಹೇಳಿದರು. "ಅಲೆ ಬಂದು ಕಾಲು ಹಿಡ್ಕತದೆ ಕಣಕ್ಕಾ, ಆಮೇಲೆ ನಾಚ್ಕಂಡು ಓಡೋಯ್ತದೆ." ಜೊತೆಗೆ ಹೋಗದಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಕೆ.ಆರ್. ನಗರದ ಕಡೆಯ ನಾಲೆ ಬಯಲಿನ ಹಳ್ಳಿಯಲ್ಲಿ, ಹರಿಯುವ ನೀರಿನ ಪಕ್ಕದಲ್ಲೇ ಹುಟ್ಟಿ ಬೆಳೆದವರು; ಮದುವೆಯಾಗಿ ಬೋರ್‌ವೆಲ್ಲಿನ ಊರಿಗೆ ಬಂದವರು. ಒಡವೆ ಕೇಳಿದವರಲ್ಲ, ಸೀರೆ ಕೇಳಿದವರಲ್ಲ. ಮೊಟ್ಟಮೊದಲ ಸಲ ಒಂದು ಕೇಳಿದರು.

"ನಂಗೂ ಒಂದ್ಸತಿ ಸಮುದ್ರ ತೋರ್ಸಿ."

ಮಾವ ಘನಗಂಭೀರವಾಗಿ ಕೇಳಿದರು: "ಅಲ್ಲಿ ಏನ್ ಕುಡೀತೀಯಾ?"

"ಅಷ್ಟು ದೊಡ್ಡೂರಲ್ಲಿ ನೀರು ಸಿಕ್ಕಾಕಿಲ್ವಾ?"

"ಸಮುದ್ರದ ಪಕ್ಕ ಇರೋದೆಲ್ಲಾ ಉಪ್ಪು."

"ಅಂಗಾರೆ ಮಂಗಳೂರವ್ರೆಲ್ಲಾ ಒಣ್ಕಂಡ್ ಹೋಗವ್ರಾ?"

"ಅವ್ರ್ ಇಚಾರ ಬುಡು. ಅವ್ರಿಗೆ ಅಭ್ಯಾಸ."

ಅಲ್ಲೇ ಕೂತಿದ್ದ ನಾನು, ಬಾಟಲಿಯಲ್ಲಿ ನೀರು ತೆಗೆದುಕೊಂಡು ಹೋದರಾಯಿತಲ್ಲ ಎಂದು ಒಂದು ಸಣ್ಣ ಸಲಹೆ ಕೊಟ್ಟೆ. ಮಾವ ನನ್ನ ಕಡೆ ತಿರುಗಿದರು. "ಬಾಟ್ಲಿ ಸೋರಿದ್ರೆ? ಬಾಟ್ಲಿ ಮರ್ತ್ರೆ? ಬಸ್ಸು ಕೆಟ್ಟು ಘಟ್ಟದ ಮೇಲೆ ನಿಂತ್ರೆ?" ಮೂವತ್ತು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿದ ಮೇಷ್ಟರು ನಾನು, ಈ ಮೂರಕ್ಕೆ ಹಿಂದಿನ ಬೆಂಚಿನ ಹುಡುಗನ ಹಾಗೆ ಎದ್ದು ನಿಂತೆ. ಆ ಕ್ಷಣದಲ್ಲಿ ಮಾವ ಶಪಥ ಮಾಡಿದರು. ಕೈಚೀಲದಲ್ಲಿ ಹಿಡಿಯುವಂಥ, ಎಂಥ ಹೊಲಸು ನೀರನ್ನಾದರೂ ಸೋಸುವಂಥ, ಸಮುದ್ರದಿಂದಲೂ ಸಿಹಿನೀರು ತೆಗೆಯುವಂಥ ಒಂದು ಯಂತ್ರವನ್ನು ಸ್ವತಃ ಮಾಡುತ್ತೇನೆ. ಅದು ಸಿದ್ಧವಾದ ದಿನ ಇವಳನ್ನು ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯತನಕ ಸಮುದ್ರ ಕಾಯಲಿ!

ಸಮುದ್ರಕ್ಕೇನು, ಕಾಯುತ್ತದೆ. ಅತ್ತೆಯ ಮಂಡಿ ಕಾಯುತ್ತದೆಯೇ? ಆಗಲೇ ಅವರಿಗೆ ಮೆಟ್ಟಿಲು ಹತ್ತುವುದು ಕಷ್ಟವಾಗಿತ್ತು. ಇನ್ನೊಂದೆರಡು ವರ್ಷ ಹೋದರೆ ಮರಳಿನಲ್ಲಿ ನಡೆಯುವುದನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಆದರೂ ಅತ್ತೆ ಗಂಡನ ಶಪಥಕ್ಕೆ ಎದುರಾಡಲಿಲ್ಲ. "ಆಯ್ತು, ಮಾಡಿ" ಎಂದು ಒಳಗೆ ಹೋದರು. ನನಗೆ ಆಶ್ಚರ್ಯ. ಸಾಂಬಾರಿಗೆ ಹುಣಸೆಹುಳಿ ಹೆಚ್ಚಾಯಿತು ಎಂದರೆ ಒಂದು ದಿನವಿಡೀ ವಾದಿಸುವ ಹೆಂಗಸು, ಇದಕ್ಕೆ ಸುಮ್ಮನಿರುವುದು ಎಂದರೇನು?

ಯಂತ್ರಕ್ಕೆ ಮೊದಲು ನಿಬಂಧನೆಗಳಾಗಬೇಕು ಎಂದು ಮಾವ ಅಪ್ಪಣೆ ಮಾಡಿದರು. ಎಂಥ ಯಂತ್ರ ಬೇಕು ಎಂದು ಗೊತ್ತಿಲ್ಲದೆ ಯಂತ್ರ ಮಾಡುವುದು ಗ್ರೇಡ್ ಗೊತ್ತಿಲ್ಲದೆ ಸೊಪ್ಪಿನ ಹೊರೆ, ಅಂದರೆ ಬೇಲ್, ಕಟ್ಟಿದ ಹಾಗೆ ಎಂಬುದು ಅವರ ವಾದ. ಬರೆಯುವ ಕೆಲಸ ನನಗೆ ಬಿತ್ತು. ಅವರು ಹೇಳುವುದು, ನಾನು ಅದನ್ನು ಸರ್ಕಾರಿ ಕನ್ನಡಕ್ಕೆ ಏರಿಸುವುದು. ಆ ನೋಟ್‌ಬುಕ್ಕು ಇನ್ನೂ ನನ್ನ ಬಳಿ ಇದೆ. ಮಾದರಿಗೆ ಕೆಲವು ಕಲಮುಗಳನ್ನು ಇಲ್ಲಿ ಕೊಡುತ್ತೇನೆ. "ಸದರಿ ಯಂತ್ರವನ್ನು ಒಬ್ಬನೇ ವ್ಯಕ್ತಿಯು, ಒಂದೇ ಕೈಯಿಂದ, ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ ಹಿಡಿದುಕೊಂಡಿರುವಾಗಲೂ ಬಳಸುವಂತಿರತಕ್ಕದ್ದು." "ಸದರಿ ಯಂತ್ರಕ್ಕೆ ಕರೆಂಟು ಬೇಕಾಗತಕ್ಕದ್ದಲ್ಲ. ಕರೆಂಟಿನ ವಿಷಯ ಎಲ್ಲರಿಗೂ ತಿಳಿದದ್ದೇ." "ತೆಂಗಿನ ಮರದಷ್ಟು ಎತ್ತರದಿಂದ ಬಿದ್ದರೂ ಒಡೆಯತಕ್ಕದ್ದಲ್ಲ." ಯಾರು ಇದನ್ನು ತೆಂಗಿನ ಮರಕ್ಕೆ ಹತ್ತಿಸುತ್ತಾರೆ ಎಂದು ಕೇಳಿದೆ. "ನೀನ್ ಬರ್ಕೋ" ಎಂದರು. "ಯಂತ್ರದ ತೂಕವು ತುಂಬಿದ ಹಿತ್ತಾಳೆ ಚೊಂಬನ್ನು ಮೀರತಕ್ಕದ್ದಲ್ಲ." ಇದರ ಕೆಳಗೆ ಅತ್ತೆ ಅಡುಗೆಮನೆಯಿಂದಲೇ ಒಂದು ತಿದ್ದುಪಡಿ ಮಂಡಿಸಿದರು: "ಹಿತ್ತಾಳೆ ಚೊಂಬು ಯಾರೂ ಮುಟ್ಟತಕ್ಕದ್ದಲ್ಲ ಅಂತಾನೂ ಬರ್ಕೋ ಮಗಾ, ಅದು ನಮ್ಮವ್ವ ಕೊಟ್ಟಿದ್ದು." ತಿದ್ದುಪಡಿ ಸರ್ವಾನುಮತದಿಂದ ಅಂಗೀಕಾರವಾಯಿತು.

ಮೊದಲನೆಯ ಯಂತ್ರ ಒಂದು ಮೊಳ ಉದ್ದದ ಪೈಪು. ಒಳಗೆ ಮರಳು, ಅದರ ಮೇಲೆ ಇದ್ದಿಲು, ಎರಡೂ ಕಡೆ ಬಟ್ಟೆ. ಮೇಲಿನಿಂದ ಸುರಿದ ನೀರು ಕೆಳಗೆ ತೊಟ್ಟಿಕ್ಕುವುದು. ಸರಳ. ಸಾರ್ವಜನಿಕ ಪರೀಕ್ಷೆ ಹುಣಸೂರಿನ ನನ್ನ ಮನೆಯಲ್ಲೇ ನಡೆಯಿತು. ಅವತ್ತು ಎಚ್.ಡಿ. ಕೋಟೆಯಿಂದ ನೆಂಟರು ಐದಾರು ಜನ ಊಟಕ್ಕೆ ಬಂದಿದ್ದರು. ಮಾವ ಬೆಳಿಗ್ಗೆಯೇ ಬಂದು ಒಂದು ಬಿಂದಿಗೆ ನೀರನ್ನು ಸೋಸಿ ಇಟ್ಟಿದ್ದರು. ನೋಡಿದರೆ ತಿಳಿಹಳದಿ. "ಬ್ರೈಟ್ ಬಣ್ಣ!" ಎಂದು ಮಾವ ಹಿಗ್ಗಿದರು. ನೀರಿಗೆ ಬಣ್ಣ ಇರಬಾರದಲ್ಲವೇ ಎಂಬ ಸಂದೇಹ ನನಗೆ ಬಂದಿತ್ತು. ಬಂದ ಸಂದೇಹವನ್ನು ಆಗಲೇ ಹೊರಗೆ ಹಾಕಬೇಕಿತ್ತು.

ನೆಂಟರು ಒಂದೊಂದು ಲೋಟ ಕುಡಿದರು. ಅನ್ನಕ್ಕೆ ಸಾರು ಬೀಳುವ ಹೊತ್ತಿಗೆ ಒಬ್ಬರಿಗೆ ಸೀನು ಹತ್ತಿತು. ಏಳು, ಎಂಟು, ಒಂಬತ್ತು. ಇನ್ನೊಬ್ಬರು ಗೋಡೆಗೆ ಒರಗಿ, "ಮನೆ ವಸಿ ತಿರುಗ್ತಾ ಅದೆ, ನೀವೇನಾರ ಮಾಡಿದ್ರಾ?" ಎಂದರು. ಒಬ್ಬ ಚಿಕ್ಕಮ್ಮ ಎಲೆಯ ಮುಂದೆಯೇ ಕಣ್ಣು ಮುಚ್ಚಿ ದೇವರ ನಾಮ ಶುರು ಮಾಡಿದರು. ಮೂವತ್ತು ವರ್ಷದಿಂದ ಬೀಡಿ ಸೇದುವ ಒಬ್ಬ ಹಿರಿಯರು ಮಾತ್ರ ಬಹಳ ತೃಪ್ತಿಯಿಂದ ಲೋಟ ಮುಂದೆ ಹಿಡಿದು, "ಈ ನೀರು ಇನ್ನೊಂದ್ ಲೋಟ ಆಕು ತಾಯಿ, ಇಂಥ ರುಚಿ ನಮ್ಮೂರಲ್ಲಿ ಇಲ್ಲ" ಎಂದರು!

ವಿಚಾರಣೆಯಲ್ಲಿ ಸತ್ಯ ಹೊರಬಿತ್ತು. ಸೋಸಲು ಹಾಕಿದ್ದ ಬಟ್ಟೆ ಎಲ್ಲಿಯದು ಎಂದರೆ, ಹೊಗೆಸೊಪ್ಪಿನ ಬೇಲ್ ಸುತ್ತುವ ಗೋಣಿತಾಟು! ಎಷ್ಟೋ ಹಂಗಾಮು ಸೊಪ್ಪನ್ನು ಅಪ್ಪಿಕೊಂಡು ಕೂತಿದ್ದದ್ದು. ಮಾವನ ಮನೆಯಲ್ಲಿ ಬಟ್ಟೆ ಎಂದರೆ ಅದೇ; ಬೇರೆ ಬಟ್ಟೆ ಇದೆ ಎಂಬುದು ಅವರ ಬೆರಳುಗಳಿಗೆ ಹೊಳೆಯಲೇ ಇಲ್ಲ. "ವಾಸ್ನೆ ಬತ್ತಿರ್ನಿಲ್ವಾ ಮಾವ?" ಎಂದು ಕೇಳಿದೆ. ಅವರು ಪ್ರಾಮಾಣಿಕವಾಗಿ ಹೇಳಿದರು: "ಯಾವ ವಾಸ್ನೆ?"

ಪೈಪಿಗೆ ಹೊಸ ಮಲ್ಲು ಪಂಚೆ ಸುತ್ತಿ ಎರಡನೆಯ ಪರೀಕ್ಷೆಗೆ ಕಾಕನಕೋಟೆಯ ಕಡೆ ಹೊರಟೆವು. ಕಾಡಿನ ಹಳ್ಳದ ನೀರನ್ನು ಸೋಸಿ ತೋರಿಸಬೇಕೆಂದು ಇನ್ನೊಂದು ನಿಬಂಧನೆ ಇತ್ತು. ಅಂತರಸಂತೆ ದಾಟಿ, ಕಾಡಿನ ಅಂಚಿನಲ್ಲಿ, ಒಂದು ಟೀ ಅಂಗಡಿಯ ಪಕ್ಕದ ಹಳ್ಳಕ್ಕೆ ಇಳಿದೆವು. ಮಾವ ಒಂದು ಕೈಯಲ್ಲಿ ಯಂತ್ರ ಹಿಡಿದು, ಬಸ್ಸಿನ ಕಂಬಿಗೆ ಬದಲಾಗಿ ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದು, ನೀರು ಸುರಿಯಲು ಬಗ್ಗಿದರು. ಅಷ್ಟರಲ್ಲಿ ಮೇಲಿನಿಂದ ಒಂದು ಕೋತಿ ಇಳಿದು ಬಂದು, ಅದೇನು ಕಬ್ಬಿನ ಜಲ್ಲೆ ಎಂದುಕೊಂಡಿತೋ, ಯಂತ್ರವನ್ನು ಕಿತ್ತುಕೊಂಡು ಮರ ಹತ್ತಿಬಿಟ್ಟಿತು! ತುದಿಯ ಕೊಂಬೆಯಲ್ಲಿ ಕೂತು ಮೂಸಿ ನೋಡಿತು. ಕಚ್ಚಿ ನೋಡಿತು. ಪಂಚೆಯ ತುಂಡನ್ನು ಬಿಚ್ಚಿ ತಲೆಗೆ ಹಾಕಿಕೊಂಡಿತು. ಆಮೇಲೆ ಬೇಸರವಾಗಿ ಪೈಪನ್ನು ಕೆಳಕ್ಕೆ ಎಸೆಯಿತು. ದಡ್ ಎಂದು ಬಂಡೆಯ ಮೇಲೆ ಬಿತ್ತು.

ನಾನು ತಲೆಯ ಮೇಲೆ ಕೈ ಹೊತ್ತೆ. ಮಾವ ಓಡಿಹೋಗಿ ಪೈಪು ಎತ್ತಿ, ತಿರುಗಿಸಿ ತಿರುಗಿಸಿ ನೋಡಿ, ಮುಖ ಅರಳಿಸಿ ಕೂಗಿದರು: "ಒಡೆದಿಲ್ಲ ಕಣ್ಲಾ! ಬರ್ಕೋ! ತೆಂಗಿನ ಮರಕ್ಕಿಂತ ಎತ್ತರ ಇತ್ತು! ಪಾಸು!"

"ಪರೀಕ್ಷೆ ಮಾಡಿದವ್ರು ಯಾರು ಅಂತ ಬರೀಲಿ ಮಾವ?"

ಮಾವ ಮರದ ಕಡೆ ನೋಡಿದರು. ಕೋತಿ ಪಂಚೆ ಹೊದ್ದು ಗಂಭೀರವಾಗಿ ಕೂತಿತ್ತು. "ಹೊರಗಿನ ಪರೀಕ್ಷಕರು ಅಂತ ಬರಿ" ಎಂದರು. ಬರೆದಿದ್ದೇನೆ. ಸಹಿ ಮಾತ್ರ ಸಿಗಲಿಲ್ಲ.

ಸಿಹಿನೀರಿನ ಪಾಡು ಹೀಗಾಯಿತು. ಇನ್ನು ಉಪ್ಪು ನೀರು. ಉಪ್ಪು ತೆಗೆಯುವ ಯಂತ್ರವನ್ನು ಪರೀಕ್ಷಿಸಲು ಸಮುದ್ರ ಬೇಕು. ಸಮುದ್ರಕ್ಕೆ ಹೋಗಲು ಯಂತ್ರ ಬೇಕು. ಈ ಗಂಟನ್ನು ಬೇರೆ ಯಾರಾದರೂ ಆಗಿದ್ದರೆ ಬಿಟ್ಟು ಮಲಗುತ್ತಿದ್ದರು. ಮಾವ ಡ್ರಮ್ಮು ತಂದರು. ನೀರು ತುಂಬಿದರು. ಕಲ್ಲುಪ್ಪು ಸುರಿದರು. ಆದರೆ ಎಷ್ಟು ಸುರಿದರೆ ಸಮುದ್ರವಾಗುತ್ತದೆ? ಊರಿನಲ್ಲಿ ಸಮುದ್ರದ ನೀರು ಬಾಯಿಗೆ ಹಾಕಿದವರು ಯಾರು ಎಂದು ಹುಡುಕಿದಾಗ, ಸಂಘದ ಹದಿನಾಲ್ಕು ಹೆಂಗಸರೂ ಬರೀ ಕಾಲು ನೆನೆಸಿ ಬಂದಿದ್ದರು. ಕೊನೆಗೆ, ರಾಮೇಶ್ವರಕ್ಕೆ ಹೋಗಿ ಮುಳುಗೆದ್ದು, ಮುಳುಗುವಾಗ ಬಾಯಿ ಮುಚ್ಚುವುದನ್ನು ಮರೆತಿದ್ದ ಒಬ್ಬ ಅಜ್ಜಿ ಸಿಕ್ಕರು. ಅವರನ್ನು ಗೌರವದಿಂದ ಕರೆತಂದು ಡ್ರಮ್ಮಿನ ಮುಂದೆ ಕುರ್ಚಿ ಹಾಕಿ ಕೂರಿಸಿದರು. ಅಜ್ಜಿ ಬೆರಳದ್ದಿ ಚೀಪಿದರು.

"ಊಹೂಂ. ಇದು ಉಪ್ಪಿನಕಾಯಿ."

ಮಾವ ಎರಡು ಬಿಂದಿಗೆ ನೀರು ಸುರಿದರು. ಅಜ್ಜಿ ಮತ್ತೆ ಚೀಪಿದರು. "ಈಗ ಸಾರು."

ಒಂದು ಹಿಡಿ ಉಪ್ಪು ಬಿತ್ತು. ಅಜ್ಜಿ ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. "ಉಪ್ಪು ಸರಿಯಾಯ್ತು ಕಣಪ್ಪ. ಆದ್ರೆ ಅಲ್ಲಿ ವಸಿ ಕಹಿ ಇತ್ತು. ಮೀನು ವಾಸ್ನೆ. ಆಮೇಲೆ ಯಾರ್ದೋ ಪಂಚೆ ಬಂದು ಮುಖಕ್ಕೆ ಸುತ್ಕತು." ಕಹಿಗೆ ಬೇವಿನ ಸೊಪ್ಪು ಹಾಕಿದ್ದಾಯಿತು. ಮೀನು, ಪಂಚೆ, ಎರಡನ್ನೂ ಅತ್ತೆ ತಡೆದರು. ಅಜ್ಜಿ ಎದ್ದು ನಿಂತು, ಡ್ರಮ್ಮಿಗೆ ಕೈಮುಗಿದು, "ಇದೇ" ಎಂದರು. ಹೀಗೆ ಪಿರಿಯಾಪಟ್ಟಣ ತಾಲ್ಲೂಕಿಗೆ ಸಮುದ್ರ ಬಂತು.

ಬಂದ ಮೂರನೆಯ ವಾರ ಮಾವ ನನಗೆ ಫೋನು ಮಾಡಿದರು. ದನಿಯಲ್ಲಿ ಆತಂಕ. "ಸಮುದ್ರದ ಮಟ್ಟ ಇಳೀತಾ ಅದೆ ಕಣ್ಲಾ." ಜಗತ್ತಿನ ಸಮುದ್ರಗಳೆಲ್ಲ ಏರುತ್ತಿವೆ ಎಂದು ಪತ್ರಿಕೆಯವರು ಬೊಬ್ಬೆ ಹೊಡೆಯುತ್ತಿರುವಾಗ ನಮ್ಮದೊಂದು ಮಾತ್ರ ಇಳಿಯುತ್ತಿತ್ತು! ಬಿಸಿಲಿಗೆ ಇರಬಹುದು ಎಂದೆ. "ದಿನಕ್ಕೆ ಒಂದು ಗೇಣು?" ಎಂದರು. ಹೋಗಿ ಕಾವಲು ಕೂತೆವು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತ ಹೊತ್ತು ನೋಡಿಕೊಂಡು, ಪಕ್ಕದ ಮನೆಯ ಎಮ್ಮೆ ಬೇಲಿ ಸರಿಸಿ ಬಂತು. ಬಂದು ಸಮುದ್ರಕ್ಕೆ ಮೂತಿ ಇಟ್ಟು, ಕಣ್ಣು ಅರೆಮುಚ್ಚಿ ಸೊರ್ ಎಂದು ಎಳೆಯಿತು. ಆಮೇಲೆ ಡ್ರಮ್ಮಿನ ಅಂಚನ್ನು ಸುತ್ತಲೂ ನೆಕ್ಕಿತು. ಎಮ್ಮೆಯ ಯಜಮಾನರು ಜಗಳಕ್ಕೇ ಬಂದರು. "ಅಲ್ಲ ಕಣಣ್ಣ, ನಮ್ಮೆಮ್ಮೆ ಮೂರು ದಿನದಿಂದ ಕಲಗಚ್ಚೇ ಮುಟ್ಟಾಕಿಲ್ಲ ಅಂತದೆ. ಏನ್ ಕುಡಿಸ್ತಿದ್ದೀಯಾ ಅದ್ಕೆ?"

"ಸಮುದ್ರ" ಎಂದರು ಮಾವ. ಯಜಮಾನರು ಡ್ರಮ್ಮನ್ನೊಮ್ಮೆ, ಮಾವನನ್ನೊಮ್ಮೆ ನೋಡಿ, ಎಮ್ಮೆಯ ಹಗ್ಗ ಹಿಡಿದು ಹೊರಟುಹೋದರು.

ಉಪ್ಪು ತೆಗೆಯುವ ಯಂತ್ರ ಮಾತ್ರ, ನಗಬೇಡಿ, ನಿಜವಾಗಿ ಕೆಲಸ ಮಾಡಿತು. ಸೊಸೆಯ ಸಣ್ಣ ಕುಕ್ಕರು. ಸೀಟಿ ಇರುವ ಜಾಗದಲ್ಲಿ ಹಳೆಯ ಫ್ರಿಜ್ಜಿನ ತಾಮ್ರದ ಕೊಳವೆ. ಕೊಳವೆಗೆ ಒದ್ದೆ ಬಟ್ಟೆಯ ಸುತ್ತು. ಕೆಳಗೆ ನಾಲ್ಕು ಪುಳ್ಳೆ ಉರಿಸಿದರೆ ಒಳಗಿನ ಸಮುದ್ರ ಹಬೆಯಾಗಿ, ಕೊಳವೆಯಲ್ಲಿ ತಣಿದು, ತೊಟ್ಟು ತೊಟ್ಟಾಗಿ ಲೋಟಕ್ಕೆ ಇಳಿಯುವುದು. ಉಪ್ಪು ಕುಕ್ಕರಿನಲ್ಲೇ ಉಳಿಯುವುದು. ಬ್ಯಾರನ್ನಿಗೆ ಬೆಂಕಿ ಹಾಕಿದವನು ಬಿಟ್ಟು ಕದಲುವಂತಿಲ್ಲವಲ್ಲ, ಮಾವ ಅದೇ ನೇಮದಲ್ಲಿ ಕುಕ್ಕರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕಾವು ಏರದಂತೆ ಇಳಿಯದಂತೆ ಪುಳ್ಳೆ ಹಿಂದೆ ಮುಂದೆ ಸರಿಸುತ್ತಿದ್ದರು. ಸೊಸೆ ಬಂದು ನಿಲ್ಲುತ್ತಿದ್ದಳು. "ಮಾವ, ಬೇಳೆ ಯಾವ್ದರಲ್ಲಿ ಬೇಯಿಸ್ಲಿ?" "ನಾಳೆ ಕೊಟ್ಬುಡ್ತೀನಿ ಕಣವ್ವ." ಆ ನಾಳೆ ಬರದೆ, ಆ ಮನೆಯವರು ನಾಲ್ಕು ತಿಂಗಳು ಬೇಯದ ಬೇಳೆ ತಿಂದರು.

ಒಂದು ದಿನ ಇದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ನನಗೆ ತೋರಿಸಲು ಹುಣಸೂರಿಗೆ ಬಂದರು. ಬಸ್ ನಿಲ್ದಾಣದಲ್ಲಿ ಚೀಲದ ಬಾಯಿಂದ ತಾಮ್ರದ ಕೊಳವೆ ಇಣುಕಿತು. ಅಲ್ಲಿದ್ದ ಪೊಲೀಸಿನವರೊಬ್ಬರ ಕಣ್ಣು ಅದರ ಮೇಲೆ ಬಿತ್ತು. ನಾನು ಹೋಗಿ ಸೇರುವಷ್ಟರಲ್ಲಿ ವಿಚಾರಣೆ ಅರ್ಧ ಮುಗಿದಿತ್ತು.

"ಏನ್ ಯಜಮಾನ್ರೇ, ಬಟ್ಟಿ ಎಲ್ಲಿ ಇಳಿಸ್ತೀರಿ?"

"ಹಿತ್ತಲಲ್ಲಿ."

ಇಷ್ಟು ಸುಲಭವಾಗಿ ಒಪ್ಪಿಕೊಂಡ ಆರೋಪಿಯನ್ನು ಅವರು ಕಂಡಿರಲಿಲ್ಲವೆಂದು ಕಾಣುತ್ತದೆ. "ಏನ್ ಹಾಕ್ತೀರಿ? ಬೆಲ್ಲವೋ?"

"ಬೆಲ್ಲ ಯಾಕ್ ಸ್ವಾಮಿ? ಸಮುದ್ರ."

"ಗಿರಾಕಿಗಳು ಎಷ್ಟು ಜನ?"

"ಒಬ್ಳೇ. ನಮ್ ಮನೆಯವ್ಳು."

"ಥೂ, ಮನೆ ಹೆಂಗಸ್ರಿಗೇ ಕುಡಿಸ್ತೀರೇನ್ರೀ!"

"ಅವ್ಳಿಗೋಸ್ಕರಾನೇ ಇಷ್ಟೆಲ್ಲಾ ಮಾಡಿದ್ದು" ಎಂದರು ಮಾವ, ತೀರ ಹೆಮ್ಮೆಯಿಂದ.

ನಾನು ನಡುವೆ ಬಿದ್ದು, ಮೇಷ್ಟರ ದನಿಯಲ್ಲಿ ಎಲ್ಲ ವಿವರಿಸಿದೆ. ಪೊಲೀಸಿನವರು ಸಾಕ್ಷ್ಯ ಕೇಳಿದರು. ಮಾವ ಬಾಟಲಿ ಮುಂದೆ ಹಿಡಿದರು. ಆಸುಪಾಸಿನವರೆಲ್ಲ ಕತ್ತು ಚಾಚಿ ನೋಡುತ್ತಿರಲು, ಅವರು ಮುಚ್ಚಳ ತೆಗೆದು ಮೂಸಿದರು. ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಮುಖ ಬಾಡಿತು. "ಬರೀ ನೀರು" ಎಂದರು, ಬಹಳ ನಿರಾಶೆಯಿಂದ.

"ಬರೀ ನೀರಾ? ಬ್ರೈಟ್ ಗ್ರೇಡ್ ಸ್ವಾಮಿ ಅದು!" ಎಂದು ಮಾವ ಜಗಳಕ್ಕೇ ನಿಂತರು. ಬಿಡಿಸಿಕೊಂಡು ಬರಲು ಬಂದ ನಾನು ಪೊಲೀಸಿನವರನ್ನು ಮಾವನಿಂದ ಬಿಡಿಸಬೇಕಾಯಿತು.

ಇಷ್ಟಾದ ಮೇಲೆ ಇನ್ನೇನು ಬಾಕಿ, ಹೊರಡಬಹುದಲ್ಲ? ಇಲ್ಲ! ತೂಕ ಚೊಂಬನ್ನು ಮೀರುತ್ತದೆ ಎಂದರು. ಕೊಳವೆ ಬಗ್ಗಿದೆ ಎಂದರು. ಒಂದು ಗಂಟೆಗೆ ಒಂದು ಲೋಟ ಸಾಲದು, ಎರಡಾಗಬೇಕು ಎಂದರು. ನಿಬಂಧನೆಗಳು ಇಪ್ಪತ್ತಮೂರಕ್ಕೆ ಏರಿದವು. ಅಷ್ಟರಲ್ಲಿ ಅತ್ತೆ ಹಿತ್ತಲಿಗೆ ಹೋಗಲೂ ಗೋಡೆ ಹಿಡಿಯುವಂತಾಗಿತ್ತು. ಒಂದು ಸೋಮವಾರ ಅವರು ಗೋಡೆ ಹಿಡಿದುಕೊಂಡೇ ಬಂದು ಹುಣಸೆಮರದ ಕೆಳಗೆ ನಿಂತರು.

"ಗುರುವಾರ ನಾನು ಸಮುದ್ರಕ್ಕೆ ಹೋಯ್ತೀನಿ. ಮೇಷ್ಟ್ರು ಕರ್ಕಂಡೋಯ್ತಾನೆ."

ಇದು ನನಗೂ ಹೊಸ ಸುದ್ದಿ.

"ಯಂತ್ರ ಇನ್ನೂ…" ಎಂದರು ಮಾವ.

"ಯಂತ್ರ ಬಂದ್ರೆ ಬರ್ಲಿ. ನೀವೂ ಬನ್ನಿ."

ಮಂಗಳೂರಿನ ಬಸ್ಸಿನಲ್ಲಿ ಅತ್ತೆಗೆ ಟಿಕೆಟ್ಟಿಲ್ಲ. ನನಗೂ ಮಾವನಿಗೂ ಪೂರ್ತಿ ಟಿಕೆಟ್ಟು. ಕಂಡಕ್ಟರು ಮಾವನ ತೊಡೆಯ ಮೇಲಿದ್ದ ಚೀಲ ನೋಡಿ, "ಕುಕ್ಕರ್ ಯಾಕೆ ಯಜಮಾನ್ರೇ, ಅಡುಗೆ ಮಾಡ್ತೀರಾ?" ಎಂದರು. "ಸಮುದ್ರ ಬೇಯ್ಸಾಕೆ" ಎಂದರು ಮಾವ. ಕಂಡಕ್ಟರು ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆಯ ಕಾಫಿ ತೋಟಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಘಟ್ಟ ಇಳಿಯುವಷ್ಟು ಹೊತ್ತೂ ಮಾವ, "ಬಾಯಾರ್ತದಾ? ಬಾಯಾರ್ತದಾ?" ಎಂದು ಪ್ರತಿ ತಿರುವಿಗೂ ಅತ್ತೆಯನ್ನು ಕೇಳುತ್ತಿದ್ದರು.

ಉಳ್ಳಾಲದ ಕಡಲಿಗೆ ಹೋಗುವಾಗ ಬಿಸಿಲು ಇಳಿಯುತ್ತಿತ್ತು. ಅತ್ತೆ ನನ್ನ ತೋಳು ಹಿಡಿದು, ಮರಳಿನಲ್ಲಿ ಒಂದೊಂದೇ ಹೆಜ್ಜೆ ಎಣಿಸಿಕೊಂಡು ಇಳಿದರು. ಅಲೆ ಬಂತು. ಕಾಲು ಮುಟ್ಟಿತು. ಅತ್ತೆ "ಅಯ್ಯೋ!" ಎಂದು ಚಿಕ್ಕ ಹುಡುಗಿಯ ಹಾಗೆ ನಕ್ಕರು. ಮಾವ ಎಲ್ಲಿ ಎಂದು ತಿರುಗಿ ನೋಡಿದರೆ, ಅವರು ಸಮುದ್ರವನ್ನು ನೋಡಿಯೇ ಇರಲಿಲ್ಲ! ಅದಕ್ಕೆ ಬೆನ್ನು ಹಾಕಿ, ಮೂರು ಕಲ್ಲು ಕೂಡಿಸಿ, ಒಣಗಿದ ತೆಂಗಿನ ಗರಿಗೆ ಬೆಂಕಿ ಹಚ್ಚಿ ಊದುತ್ತಿದ್ದರು. ಸುತ್ತ ಆಗಲೇ ಜನ. ಪಕ್ಕದಲ್ಲೇ ಒಬ್ಬ ತಣ್ಣನೆಯ ನೀರಿನ ಬಾಟಲಿಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಕೂಗುತ್ತಿದ್ದ. ಇಪ್ಪತ್ತು ಹೆಜ್ಜೆ ದೂರದಲ್ಲಿ ಇಷ್ಟೊಂದು ಸಿಹಿನೀರು ಇರುವಾಗ ಸಮುದ್ರವನ್ನು ಬೇಯಿಸುವ ಮನುಷ್ಯನನ್ನು ಮಂಗಳೂರು ಕಂಡಿರಲಾರದು.

"ಅತ್ತೆ, ನಾನು ಹೋಗಿ ನಿಲ್ಲಿಸ್ಲಾ?" ಎಂದು ಕೇಳಿದೆ.

"ಬ್ಯಾಡ ಮಗಾ. ಮಾಡ್ಲಿ." ಅತ್ತೆ ಒದ್ದೆ ಮರಳಿನಲ್ಲಿ ಮೆಲ್ಲಗೆ ಕೂತರು. ಆಮೇಲೆ ಹೇಳಿದರು.

"ನಮ್ ಮದ್ವೆ ಆದ ದಿನ ಗಂಡಿನ ಮನೆಗೆ ಲಾರೀಲಿ ಕರ್ಕಂಡ್ ಬಂದ್ರು. ಉರಿ ಬಿಸ್ಲು. ಲಾರಿ ತುಂಬಾ ದೊಡ್ಡೋರು. ನಂಗೆ ಗಂಟ್ಲು ಒಣಗಿ ಪ್ರಾಣ ಹೋಗಂಗಾಯ್ತು. ಪಕ್ಕದಲ್ಲಿ ಇವ್ರು ಕೂತಿದ್ರು. ಮೆಲ್ಲಗೆ 'ನೀರು' ಅಂದೆ. ಇವ್ರ್ ಜೊತೆ ನಾನು ಆಡಿದ್ ಮೊದಲ್ನೇ ಮಾತು ಅದೇ. ದೊಡ್ಡೋರ ಮುಂದೆ ಲಾರಿ ನಿಲ್ಸಿ ಅನ್ನಾಕೆ ಇವ್ರಿಗೆ ನಾಚ್ಕೆ. ಕೇಳಿಸ್ದೇ ಇರೋರಂಗೆ ಆಚೆ ತಿರುಗ್ಕಂಡ್ರು. ಊರು ಸೇರೋ ತನಕ ಒಂದ್ ತೊಟ್ಟು ಸಿಕ್ನಿಲ್ಲ."

"ಇಷ್ಟ್ ವರ್ಷ ಇದನ್ನ ಮನಸ್ಸಲ್ಲಿ ಇಟ್ಕೊಂಡಿದ್ರಾ?"

"ನಾನಾ? ಊರು ಸೇರಿ ನೀರು ಕುಡಿದ ತಕ್ಷಣ ಮರ್ತೆ. ಮರೀದೇ ಇದ್ದಿದ್ದು ಅವ್ರು. ಮೂರು ವರ್ಷದ ಕೆಳಗೆ ಜ್ವರ ಬಂದು ಮಲಗಿದ್ರಲ್ಲ, ಆಗ ಬಾಯಿಗ್ ಬಂದಂಗೆ ಬಡಬಡಿಸೋರು. ಏನಂತ ಗೊತ್ತಾ? 'ಲಾರಿ ನಿ‌ಲ್ಸಿ, ಅವ್ಳಿಗೆ ಬಾಯಾರ್ತಾ ಅದೆ, ಲಾರಿ ನಿಲ್ಸಿ.' ಬೆಳಗಾದ್ರೆ ಅವ್ರಿಗೆ ನೆನಪಿರ್ನಿಲ್ಲ. ನಾನೂ ಯೋಳ್ನಿಲ್ಲ. ಅದಾದ್ಮೇಲೆ ನೋಡು ಈ ನೀರಿನ ಹುಚ್ಚು ಹತ್ತಿದ್ದು. ಮಾಡ್ಕಳ್ಲಿ ಅಂತ ಸುಮ್ಗಿದ್ದೆ. ಮಂಡಿ ಕೇಳ್ನಿಲ್ಲ, ಇಲ್ದಿದ್ರೆ ಇನ್ನೂ ಕಾಯ್ತಿದ್ದೆ."

ಆ ಹೊತ್ತಿಗೆ ಬಾಟಲಿಯವನು ನಮ್ಮ ಹತ್ತಿರ ಬಂದು, "ಅಮ್ಮಾ, ನೀರು?" ಎಂದ. ಅತ್ತೆ ಬೇಡವೆಂದು ಕೈ ಆಡಿಸಿದರು. ಅವರ ತುಟಿ ಒಣಗಿದ್ದು ನನಗೆ ಕಾಣುತ್ತಿತ್ತು.

ಸೂರ್ಯ ಕೆಂಪಾಗುವ ಹೊತ್ತಿಗೆ ಮಾವ ಎದ್ದರು. ಮುಖವೆಲ್ಲ ಮಸಿ. ಸ್ಟೀಲಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮರಳಿನಲ್ಲಿ ಕಾಲು ಹುಗಿಯುತ್ತಿದ್ದರೂ ಒಂದು ತೊಟ್ಟು ತುಳುಕದ ಹಾಗೆ, ಕಣ್ಣನ್ನು ಲೋಟದಲ್ಲೇ ನೆಟ್ಟು ನಡೆದು ಬಂದರು. ಅರ್ಧ ಲೋಟವೂ ಇರಲಿಲ್ಲ. ಬೆಳಕಿಗೆ ಹಿಡಿಯಲಿಲ್ಲ, ಮೂಸಲಿಲ್ಲ, ಯಾವ ಗ್ರೇಡ್ ಎಂದೂ ಹೇಳಲಿಲ್ಲ. ಅತ್ತೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೊಟ್ಟರು. ಅಷ್ಟೆ.

ಅತ್ತೆ ನಿಧಾನವಾಗಿ, ಕೊನೆಯ ಹನಿಯ ತನಕ ಕುಡಿದರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ಲೋಟವನ್ನು ಮುಂದೆ ಚಾಚಿದರು.

"ಇನ್ನೊಂದ್ ವಸಿ ಇದ್ದದಾ?"

ಮಾವ ಲೋಟ ಕಸಿದುಕೊಂಡು ಎದ್ದರು. ಎಪ್ಪತ್ತು ದಾಟಿದ ಮನುಷ್ಯ, ಪಂಚೆ ಎತ್ತಿ ಕಟ್ಟಿ, ಮರಳಿನಲ್ಲಿ ಎಡವುತ್ತ ಒಲೆಯ ಕಡೆಗೆ ಓಡತೊಡಗಿದರು. ಅತ್ತೆ ಹಿಂದಿನಿಂದ ಅಲೆಯ ಸದ್ದನ್ನೂ ಮೀರಿಸಿ ಕೂಗಿದರು:

"ಓಡ್ಬ್ಯಾಡಿ! ನಿಧಾನಾ… ನಂಗೇನ್ ಅವಸ್ರ ಇಲ್ಲಾ!"